ಮತಭೇದ ಮತ್ತು ಕ್ರೋಧ



ಇಂದಿನ ಗೋಷ್ಠಿಗೆ ಕ್ರೋಧವೆಂಬ ವಿಷಯವನ್ನು ಇಟ್ಟುಕೊಂಡಿದ್ದೇವೆ. ಅರಿಷಡ್ವರ್ಗದಲ್ಲಿ ಕಾಮದ ನಂತರ ಎಣಿಸುವುದು ಇದನ್ನೇ ಎಂದು ತಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೀರಿ. ಆದರೆ ಅತ್ತೆಗೆ ಸೊಸೆಯ ಮೇಲೆ ಬರುವ ಕೋಪವನ್ನಾಗಲಿ, ಹೊಲದ ಬದುವಿಗಾಗಿ ದಾಯಾದಿಗಳಲ್ಲಿ ಹುಟ್ಟುವ ಕೋಪವನ್ನಾಗಲಿ ಇವತ್ತು ನಾವು ಹೇಳಹೊರಟಿಲ್ಲ. ಹಳೆಯದನ್ನು ಉಳಿಸಬೇಕೆನ್ನುವವರಿಗೂ ಹೊಸದನ್ನು ತರಬೇಕೆನ್ನುವವರಿಗೂ ರಾಜಕಾರಣದಲ್ಲಿ ಏಳುವ ಕೋಪವಿದೆಯಲ್ಲ, ಅದರ ಬೇರು ಎಲ್ಲಿದೆ ಎಂದು ಸ್ವಲ್ಪ ಅಗೆದು ನೋಡೋಣ.

ಈ ಎರಡು ಪಂಗಡಗಳಿಗೆ ಲೋಕದಲ್ಲಿ ಬಲ, ಎಡ ಎಂಬ ಹೆಸರುಗಳಿವೆ. 1789ರಲ್ಲಿ ಫ್ರಾನ್ಸ್ ದೇಶದ ಸಭೆಯಲ್ಲಿ ಅರಸನ ಅಧಿಕಾರವನ್ನು ಉಳಿಸಬೇಕೆಂದವರು ಅಧ್ಯಕ್ಷರ ಬಲಗಡೆಗೂ, ಅದನ್ನು ಕಡಿಮೆ ಮಾಡಬೇಕೆಂದವರು ಎಡಗಡೆಗೂ ಕುಳಿತರು. ಕುಳಿತ ಜಾಗವೇ ಹೆಸರಾಯಿತು. ಅಂದಿನಿಂದ ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ಆ ಜಾಗ ಬಿಟ್ಟು ಏಳಲೇ ಇಲ್ಲ.

ಈಗಿನ ಪಕ್ಷಗಳ ಹೆಸರು ತೆಗೆದು ಉದಾಹರಣೆ ಕೊಟ್ಟರೆ ಅರ್ಧ ಸಭೆ ಎದ್ದುಹೋದೀತು, ಉಳಿದರ್ಧ ಚಪ್ಪಾಳೆ ತಟ್ಟೀತು. ಎರಡೂ ನಮಗೆ ಬೇಡ. ಆದುದರಿಂದ ನೂರಮೂವತ್ತು ವರ್ಷಗಳ ಹಿಂದಿನ ಪುಣೆಗೆ ತಮ್ಮನ್ನು ಕರೆದುಕೊಂಡು ಹೋಗುತ್ತೇವೆ. ಧಾರವಾಡ, ಬೆಳಗಾವಿ, ವಿಜಯಪುರಗಳೆಲ್ಲ ಆಗ ಮುಂಬಯಿ ಇಲಾಖೆಗೇ ಸೇರಿದ್ದವು. ಅಲ್ಲಿ ಎದ್ದ ಗಾಳಿ ಇಲ್ಲಿಗೂ ಬೀಸುತ್ತಿತ್ತು.

ಬಾಲಗಂಗಾಧರ ತಿಲಕರ ಹೆಸರನ್ನು ಕೇಳದವರು ಇಲ್ಲಿ ಯಾರೂ ಇರಲಾರರು. ಗೋಪಾಳ ಗಣೇಶ ಆಗರಕರರ ಹೆಸರನ್ನು ಕೇಳಿದವರು ಕಡಿಮೆ. ಇಬ್ಬರೂ ಹುಟ್ಟಿದ್ದು 1856ರ ಜುಲೈ ತಿಂಗಳಲ್ಲಿ. ತಿಲಕರು ರತ್ನಾಗಿರಿಯವರು, ಆಗರಕರರು ಕರಾಡದ ಹತ್ತಿರದ ಟೆಂಭೂ ಎಂಬ ಹಳ್ಳಿಯ ಕಡುಬಡವರು. ಪುಣೆಯ ಕಾಲೇಜಿನಲ್ಲಿ ಸ್ನೇಹವಾಯಿತು. ಸರಕಾರಿ ನೌಕರಿ ಹಿಡಿದು ಸುಖವಾಗಿರಬಹುದಾಗಿದ್ದ ಇಬ್ಬರು ತರುಣರು ಅದನ್ನು ಬಿಟ್ಟು, ದೇಶದ ಮಕ್ಕಳಿಗೆ ವಿದ್ಯೆ ಕೊಡುತ್ತೇವೆಂದು ಸಂಕಲ್ಪ ಮಾಡಿದರು. ವಿಷ್ಣುಶಾಸ್ತ್ರಿ ಚಿಪಳೂಣಕರರ ಜೊತೆಗೂಡಿ 1880ರಲ್ಲಿ ಶಾಲೆ, 1881ರಲ್ಲಿ ‘ಕೇಸರಿ’, ‘ಮರಾಠಾ’ ಎಂಬ ಎರಡು ಪತ್ರಿಕೆ, 1885ರಲ್ಲಿ ಫರ್ಗ್ಯುಸನ್ ಕಾಲೇಜು. ತಿಲಕರ ಹೆಸರಿನೊಡನೆ ಬೆಸೆದುಹೋಗಿರುವ ಆ ‘ಕೇಸರಿ’ಗೆ ಮೊದಲ ವರ್ಷಗಳಲ್ಲಿ ಸಂಪಾದಕರಾಗಿದ್ದವರು ಆಗರಕರರು ಎಂಬುದನ್ನು ಗಮನಿಸಬೇಕು. ಕೊಲ್ಲಾಪುರದ ದಿವಾನರ ವಿರುದ್ಧ ಬರೆದುದಕ್ಕಾಗಿ 1882ರಲ್ಲಿ ಇಬ್ಬರಿಗೂ ನಾಲ್ಕು ತಿಂಗಳ ಸಜೆಯಾಯಿತು. ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ 101 ದಿನ ಒಟ್ಟಿಗೆ ಕಳೆದರು. ದೇಶಕ್ಕೆ ಮೊದಲು ಸ್ವಾತಂತ್ರ್ಯ ಬೇಕೋ, ಮೊದಲು ಸಮಾಜದ ಸುಧಾರಣೆ ಬೇಕೋ ಎಂಬ ಚರ್ಚೆ ಅಲ್ಲಿಯೂ ನಡೆಯುತ್ತಿತ್ತು. ಆಗ ಅದು ಸ್ನೇಹಿತರ ಚರ್ಚೆ.

ಮುಂದೆ ಐದೇ ವರ್ಷಕ್ಕೆ, 1887ರಲ್ಲಿ, ಆಗರಕರರು ‘ಕೇಸರಿ’ ಬಿಟ್ಟರು. 1888ರಲ್ಲಿ ‘ಸುಧಾರಕ’ ಎಂಬ ತಮ್ಮದೇ ಪತ್ರಿಕೆ ತೆಗೆದರು. ಸಂಸ್ಥೆಯೊಳಗೆ ಸಂಬಳ ಎಷ್ಟಿರಬೇಕು, ಸದಸ್ಯರು ಹೊರಗಡೆ ದುಡಿದು ಸಂಪಾದಿಸಬಹುದೇ ಎಂಬ ಜಗಳವೂ ಬೆಳೆದು, 1890ರಲ್ಲಿ ತಿಲಕರು ತಾವೇ ಕಟ್ಟಿದ ಶಿಕ್ಷಣ ಸಂಸ್ಥೆಯಿಂದ ಹೊರಬಂದರು. ಇದನ್ನು ಯಾಕೆ ಹೇಳುತ್ತೇವೆಂದರೆ, ರಾಜಕಾರಣದ ದೊಡ್ಡ ದೊಡ್ಡ ಕೋಪಗಳ ಕೆಳಗೆ ಅನೇಕ ಸಲ ಇಂಥ ಒಂದು ಸಣ್ಣ ಲೆಕ್ಕಪತ್ರದ ಮುಳ್ಳು ಮುರಿದುಕೊಂಡು ಕೂತಿರುತ್ತದೆ. ಮಠಗಳ ಆಡಳಿತ ನೋಡಿದವರಿಗೆ ಇದು ಹೊಸ ಮಾತಲ್ಲ.

ಇಂಥ ಹೊತ್ತಿಗೆ ಕಲಕತ್ತೆಯಿಂದ ಒಂದು ಸುದ್ದಿ ಬಂತು. ಫೂಲಮಣಿ ಎಂಬ ಹತ್ತು ಹನ್ನೊಂದು ವರ್ಷದ ಹುಡುಗಿ. ಮದುವೆಯಾಗಿತ್ತು. ಗಂಡ ಅವಳಿಗಿಂತ ಬಹಳ ದೊಡ್ಡವನು. ಅವನ ಕೈಯಲ್ಲಿ ಆ ಕೂಸು ಪ್ರಾಣ ಬಿಟ್ಟಿತು. ತಾಯಂದಿರು ಇದ್ದೀರಿ, ಇದಕ್ಕಿಂತ ಬಿಡಿಸಿ ಹೇಳಲಾರೆವು. 1890ರಲ್ಲಿ ವಿಚಾರಣೆಯಾಯಿತು. ಅಂದಿನ ದಂಡಸಂಹಿತೆಯಲ್ಲಿ ಹತ್ತು ವರ್ಷ ತುಂಬಿದ ಹೆಂಡತಿಗೆ ಯಾವ ರಕ್ಷಣೆಯೂ ಇರಲಿಲ್ಲವಾದ್ದರಿಂದ ಗಂಡನಿಗೆ ಅಜಾಗರೂಕತೆಯ ಅಪರಾಧಕ್ಕಾಗಿ ಒಂದು ವರ್ಷದ ಸಜೆ ಮಾತ್ರ ಆಯಿತು. ಆ ಹತ್ತನ್ನು ಹನ್ನೆರಡು ಮಾಡಬೇಕೆಂದು ಸರಕಾರ 1891ರ ಜನವರಿಯಲ್ಲಿ ಮಸೂದೆ ತಂದು, ಮಾರ್ಚಿನಲ್ಲಿ ಕಾಯಿದೆ ಮಾಡಿತು.

ಎರಡು ವರ್ಷದ ವಯಸ್ಸು, ಅಷ್ಟೇ. ಅದಕ್ಕಾಗಿ ದೇಶ ಹೊತ್ತಿ ಉರಿಯಿತು.

ತಿಲಕರು ವಿರೋಧಿಸಿದರು. ಹಾಗೆಂದು ಅವರಿಗೆ ಬಾಲ್ಯವಿವಾಹ ಪ್ರಿಯವಾಗಿತ್ತೆಂದು ತಿಳಿಯಬೇಡಿ. ಹೆಣ್ಣಿಗೆ ಹದಿನಾರು, ಗಂಡಿಗೆ ಇಪ್ಪತ್ತು ಆಗುವವರೆಗೆ ಮದುವೆ ಮಾಡುವುದಿಲ್ಲ, ನಲವತ್ತು ದಾಟಿದವನು ಮದುವೆಯಾದರೆ ವಿಧವೆಯನ್ನೇ ಆಗತಕ್ಕದ್ದು ಎಂಬ ಪ್ರತಿಜ್ಞೆಗೆ ಮೊದಲು ನೀವೇ ಸಹಿ ಹಾಕಿರಿ ಎಂದು 1890ರಲ್ಲಿ ಸುಧಾರಕರ ಮುಂದೆ ಇಟ್ಟವರು ಅವರೇ. ಅವರ ತಕರಾರು ಬೇರೆ. ನಮ್ಮ ಮನೆಯ ಒಳಕೋಣೆಗೆ ಪರದೇಶದ ಸರಕಾರ ಕೈ ಹಾಕಕೂಡದು, ಮನೆ ತಿದ್ದುವುದಾದರೆ ಮನೆಯವರೇ ತಿದ್ದಬೇಕು ಎಂಬುದು ಅವರ ಪಕ್ಷ. ಆಗರಕರರ ಪಕ್ಷವೆಂದರೆ, ಮನೆಯವರು ತಿದ್ದುವತನಕ ಕೂಸು ಕಾಯಬೇಕೇ? ಬಲವುಳ್ಳವರು ಮಾಡಿಕೊಂಡ ರೂಢಿಯನ್ನು ಬಲವುಳ್ಳವರೇ ಬಿಡುತ್ತಾರೆಂದು ನಂಬಿ ಕೂರುವುದು ಹೇಗೆ?

ಶಾಸ್ತ್ರದ ಚರ್ಚೆಯೂ ನಡೆಯಿತು. ಗರ್ಭಾಧಾನ ಸಂಸ್ಕಾರವು ಮೊದಲ ಋತುವಿಗೇ ಆಗಬೇಕು, ಹನ್ನೆರಡರ ಮೊದಲೇ ಋತುಮತಿಯಾದರೆ ಈ ಕಾಯಿದೆಯಿಂದ ಧರ್ಮಲೋಪವಾಗುತ್ತದೆ ಎಂದು ತಿಲಕರ ಕಡೆಯವರು. ಹಾಗೆಂದು ಶಾಸ್ತ್ರವು ಕಡ್ಡಾಯ ಮಾಡಿಲ್ಲ, ಮುಂದಕ್ಕೆ ಹಾಕಲು ಅವಕಾಶವಿದೆ ಎಂದು ರಾಮಕೃಷ್ಣ ಗೋಪಾಲ ಭಾಂಡಾರಕರರು. ಇಬ್ಬರೂ ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಇಬ್ಬರ ಮುಂದೆಯೂ ಇದ್ದದ್ದು ಅವೇ ಗ್ರಂಥಗಳು. ಗ್ರಂಥ ಒಂದೇ ಇದ್ದೂ ಅರ್ಥ ಎರಡಾದಾಗ, ಓದುವವನು ಯಾವುದಕ್ಕೆ ಹೆದರಿದ್ದಾನೆ ಎಂಬುದನ್ನೂ ನೋಡಬೇಕಾಗುತ್ತದೆ.

ನಮ್ಮ ವಿಚಾರದಲ್ಲಿ ಕೋಪದ ಬೇರು ಇರುವುದು ಇಲ್ಲಿಯೇ. ಪರರ ಆಳ್ವಿಕೆಯ ಅವಮಾನ ಇಬ್ಬರ ಎದೆಯಲ್ಲೂ ಒಂದೇ ಸಮನಾಗಿ ಇತ್ತು. ಅದೇ ಅವಮಾನ ಒಬ್ಬರಲ್ಲಿ, ‘ನಮ್ಮ ಗಾಯವನ್ನು ಹೊರಗಿನವನಿಗೆ ಯಾಕೆ ತೋರಿಸುತ್ತೀರಿ?’ ಎಂದಿತು. ಇನ್ನೊಬ್ಬರಲ್ಲಿ, ‘ಈ ಗಾಯಕ್ಕೆ ಮದ್ದು ಹಚ್ಚದೆ ಇದ್ದುದರಿಂದಲೇ ಹೊರಗಿನವನು ಒಳಗೆ ಬಂದ’ ಎಂದಿತು. ಗಾಯ ಒಂದೇ. ಆದುದರಿಂದಲೇ ಕೋಪ ಅಷ್ಟು ತೀಕ್ಷ್ಣವಾಯಿತು. ನಮ್ಮ ಮನೆಯ ವಿಷಯದಲ್ಲಿ ಪರಊರಿನವನು ತಪ್ಪು ಮಾತಾಡಿದರೆ ನಕ್ಕು ಬಿಡುತ್ತೇವೆ; ಒಡಹುಟ್ಟಿದವನು ಆಡಿದರೆ ನಿದ್ದೆ ಬರುವುದಿಲ್ಲ.

ನ್ಯಾಯಶಾಸ್ತ್ರದಲ್ಲಿ ಚರ್ಚೆಗೆ ಮೂರು ವಿಧ ಹೇಳಿದ್ದಾರೆ. ತತ್ತ್ವವನ್ನು ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದೊಂದೇ ವಿತಂಡ. ಡೋಂಗ್ರಿಯಲ್ಲಿ ನಡೆದದ್ದು ವಾದ. ಪತ್ರಿಕೆಗಳು ಎರಡಾದ ಮೇಲೆ ಅದು ಜಲ್ಪವಾಯಿತು, ಏಕೆಂದರೆ ಈಗ ಕೇಳಿಸಿಕೊಳ್ಳುವವನು ಗೆಳೆಯನಲ್ಲ, ಚಂದಾದಾರ. ವಿತಂಡಕ್ಕೆ ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ‘ಅವನು ಏನು ಹೇಳಿದ?’ ಎಂದು ಕೇಳುವುದು ನಿಂತು, ‘ಅವನು ಯಾಕೆ ಹೇಳಿದ?’ ಎಂದು ಕೇಳುವುದು ಶುರುವಾಯಿತು. ಸುಧಾರಕರು ಸರಕಾರದ ಹೊಗಳುಭಟರು ಎಂದು ಈ ಕಡೆ. ಸನಾತನಿಗಳು ಜನರ ಜೈಕಾರಕ್ಕಾಗಿ ಹೆಣ್ಣುಮಕ್ಕಳನ್ನು ಬಲಿಕೊಡುವವರು ಎಂದು ಆ ಕಡೆ. ಪುಣೆಯ ಬೀದಿಯಲ್ಲಿ ಆಗರಕರರ ಶವಯಾತ್ರೆ ತೆಗೆದರು, ಅವರು ಇನ್ನೂ ಬದುಕಿದ್ದಾಗ. 1895ರ ಡಿಸೆಂಬರಿನಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿದಾಗ, ಅದೇ ಚಪ್ಪರದಲ್ಲಿ ಸಾಮಾಜಿಕ ಪರಿಷತ್ತನ್ನೂ ನಡೆಸಿದರೆ ಚಪ್ಪರಕ್ಕೆ ಬೆಂಕಿ ಹಚ್ಚುತ್ತೇವೆಂಬ ಬೆದರಿಕೆ ಹುಟ್ಟಿತು. ಮಹಾದೇವ ಗೋವಿಂದ ರಾನಡೆಯವರು ಜಗಳ ಬೇಡವೆಂದು ಪರಿಷತ್ತನ್ನು ಬೇರೆಡೆಗೆ ಒಯ್ದರು. ನೋಡಿ, ಚಪ್ಪರಕ್ಕೆ ಬೆಂಕಿ ಎಂಬಲ್ಲಿಗೆ ಬರುವಷ್ಟರಲ್ಲಿ ಫೂಲಮಣಿಯ ಹೆಸರು ಯಾರ ನಾಲಗೆಯ ಮೇಲಿತ್ತು?

ಆಗರಕರರು ಆ ಅಧಿವೇಶನವನ್ನು ನೋಡಲಿಲ್ಲ. ಅದೇ ವರ್ಷದ ಜೂನ್ 17ರಂದು, ನಲವತ್ತು ತುಂಬುವ ಮೊದಲೇ, ತೀರಿಕೊಂಡಿದ್ದರು. ‘ಕೇಸರಿ’ಯಲ್ಲಿ ಅವರ ಮರಣಲೇಖನವನ್ನು ಬರೆದವರು ತಿಲಕರೇ.

ಯಾರು ಸರಿ ಎಂದು ತಾವು ಕೇಳಬಹುದು. ಮಧ್ಯಸ್ಥರೆಂದರೆ ಇಬ್ಬರಿಗೂ ಅರ್ಧರ್ಧ ಹಂಚಿ ಕೈತೊಳೆದುಕೊಳ್ಳುವವರಲ್ಲ. ಕೂಸಿನ ವಯಸ್ಸಿನ ಮಾತಿನಲ್ಲಿ ಆಗರಕರರು ಸರಿ, ತಿಲಕರು ತಪ್ಪು. ಇದನ್ನು ಹೇಳಲು ನಮಗೆ ಸಂಕೋಚವಿಲ್ಲ. ಲೋಕಮಾನ್ಯರ ದೊಡ್ಡತನಕ್ಕೆ ಇದರಿಂದ ಚ್ಯುತಿಯೂ ಇಲ್ಲ. ಆದರೆ ಸರಿಯಾದ ಪಕ್ಷದವರೂ ಭಕ್ತಿವಂತರನ್ನು ಅಪಹಾಸ್ಯ ಮಾಡಿದ್ದುಂಟು, ಅದರಿಂದ ಒಂದು ಹುಡುಗಿಯೂ ಬದುಕಲಿಲ್ಲ. ಇನ್ನೊಂದು ಮಾತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ, ಎಂಟು ವರ್ಷದೊಳಗಿನ ಹೆಣ್ಣಿನ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನು ಮದುವೆಯಾಗುವುದನ್ನೂ ನಿಷೇಧಿಸಿ ಕಾಯಿದೆ ಮಾಡಿದರು. ಅಲ್ಲಿ ಮಹಾರಾಜರು ನಮ್ಮವರೇ. ಹೊರಗಿನವನ ಕೈ ಎಂಬ ಮಾತಿಗೆ ಅಲ್ಲಿ ಬಲವಿರಲಿಲ್ಲ. ಕಾಯಿದೆ ಚಿಕ್ಕದೇ, ಆದರೂ ಆಯಿತು.

ಈಗ ನಮ್ಮ ಮನೆಗಳಿಗೆ ಬರೋಣ. ಚುನಾವಣೆ ಮುಗಿದು ತಿಂಗಳುಗಳಾದರೂ ಒಂದೇ ಪಂಕ್ತಿಯಲ್ಲಿ ಕೂತು ಪ್ರಸಾದ ಸ್ವೀಕರಿಸದ ಅಣ್ಣತಮ್ಮಂದಿರು ನಮ್ಮ ಭಕ್ತರಲ್ಲಿಯೇ ಇದ್ದಾರೆ. ಹಿಂದೆ ಪತ್ರಿಕೆ ವಾರಕ್ಕೊಮ್ಮೆ ಬರುತ್ತಿತ್ತು. ಈಗ ಅಂಗೈಯಲ್ಲಿ ಗಳಿಗೆಗೊಮ್ಮೆ ಬರುತ್ತದೆ. ಇಂಥವರು ನ್ಯಾಯಕ್ಕೆಂದು ಮಠಕ್ಕೆ ಬಂದರೆ ನಾವು ಒಂದು ಕೆಲಸ ಮಾಡಿಸುತ್ತೇವೆ. ಸಂಸ್ಕೃತ ಪಾಠಶಾಲೆಯಲ್ಲಿ ನಮ್ಮ ಗುರುಗಳು ಮಾಡಿಸುತ್ತಿದ್ದುದೇ ಅದು. ಸಿದ್ಧಾಂತ ಹೇಳುವ ಮೊದಲು ಪೂರ್ವಪಕ್ಷವನ್ನು ಹೇಳಬೇಕು. ಹೇಗೆಂದರೆ, ಎದುರಿಗೆ ಕೂತವನು ಕೇಳಿ, ‘ಹೌದು, ನಾನು ಹೇಳುವುದು ಇದನ್ನೇ’ ಎಂದು ತಲೆದೂಗಬೇಕು. ಅವನು ಒಪ್ಪುವತನಕ ನಿನ್ನ ಸರದಿ ಇಲ್ಲ.

ಒಬ್ಬ ಅಣ್ಣನಿಗೆ ಹೀಗೆ ತಮ್ಮನ ಪಕ್ಷವನ್ನು ಹೇಳು ಎಂದೆವು. ಮೂರು ಸಲ ಹೇಳಿದ. ಮೂರು ಸಲವೂ ತಮ್ಮ, ‘ಅಲ್ಲ ಬುದ್ಧಿ, ನಾನು ಹಂಗ ಅಂದೇ ಇಲ್ಲ’ ಎಂದ. ನಾಲ್ಕನೆಯ ಸಲಕ್ಕೆ ಅಣ್ಣ ಸುಮ್ಮನೆ ಕೂತುಬಿಟ್ಟ. ಆಮೇಲೆ, ‘ಅವನಿಗೇನು ಭಯ ಅನ್ನೋದು ನನಗ ಗೊತ್ತಿಲ್ರಿ ಅಪ್ಪೋರೆ’ ಎಂದ. ರಾಜಿಯಾಯಿತೇ ಎಂದು ಕೇಳಬೇಡಿ, ಆಗಲಿಲ್ಲ. ಇಬ್ಬರೂ ಈಗಲೂ ತಮ್ಮ ತಮ್ಮ ಪಕ್ಷಕ್ಕೇ ಮತ ಹಾಕುತ್ತಾರೆ. ಆದರೆ ಅಣ್ಣನ ಮಗಳ ಲಗ್ನದಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದವನು ತಮ್ಮನೇ.

ಲಗ್ನದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇವೆ. 1929ರಲ್ಲಿ ಶಾರದಾ ಕಾಯಿದೆಯಿಂದ ಹೆಣ್ಣಿಗೆ ಹದಿನಾಲ್ಕಾಯಿತು, 1978ರಲ್ಲಿ ಹದಿನೆಂಟಾಯಿತು. ಆದರೂ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹಳೆಯದನ್ನು ಉಳಿಸಬೇಕೆನ್ನುವವರ ಮನೆಯಲ್ಲೂ ಇದು ಆಗಿದೆ, ಹೊಸದನ್ನು ತರಬೇಕೆಂದು ಭಾಷಣ ಮಾಡುವವರ ಮನೆಯಲ್ಲೂ ಆಗಿದೆ. ಶ್ರೀಮಠದ ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸಲು ಬರುವವರು ವಧೂವರರ ಜನನ ಪ್ರಮಾಣಪತ್ರವನ್ನು ಕಡ್ಡಾಯವಾಗಿ ತರಬೇಕು. ಯಾವ ಪಕ್ಷದ ಮುಖಂಡರಿಂದ ಚೀಟಿ ತಂದರೂ ನಡೆಯುವುದಿಲ್ಲ. ಕಾರ್ಯಾಲಯದವರಿಗೆ ಹಾಗೆಂದು ಹೇಳಿದ್ದೇವೆ. ಇನ್ನು ಎಲ್ಲರೂ ದಾಸೋಹಕ್ಕೆ ದಯಮಾಡಿಸಿ.