ಮುತ್ತು ಕಟ್ಟಿದವರು ಯಾರು?

ದೇವರ ಹೆಸರಿನಲ್ಲಿ ಯಾರಿಗಾದರೂ ಅನ್ಯಾಯವಾದಾಗ ಎರಡು ಮಾತು ಕೂಡಲೇ ಕೇಳಿಬರುತ್ತವೆ. ಎಲ್ಲಕ್ಕೂ ಈ ನಂಬಿಕೆಯೇ ಮೂಲ ಅನ್ನುವುದು ಒಂದು. ನಂಬಿಕೆ ಪವಿತ್ರ, ಕೇಡು ಮನುಷ್ಯರದು ಅನ್ನುವುದು ಇನ್ನೊಂದು. ಎರಡನ್ನೂ ಅತ್ತ ಸರಿಸಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗೋಣ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉತ್ತರ ಕರ್ನಾಟಕದಿಂದ, ಮಹಾರಾಷ್ಟ್ರದಿಂದ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಜನ ಬರುತ್ತಾರೆ. ಎಲ್ಲೆಲ್ಲೂ 'ಉಧೋ ಉಧೋ' ಕೂಗು, ಹಣೆಯಲ್ಲಿ, ಮೈಮೇಲೆ ಭಂಡಾರದ ಅರಿಸಿನ. ಮೇಲಿನವರು, ಕೆಳಗಿನವರು ಅನ್ನದೆ ಎಲ್ಲ ಜಾತಿಯವರೂ ಅದೇ ತಾಯಿಗೆ ಹರಕೆ ಹೊರುತ್ತಾರೆ. ಆದರೆ ದೇವಿಗೆಂದು ಬಿಟ್ಟ ಹೆಣ್ಣುಮಕ್ಕಳನ್ನು ಹುಡುಕುತ್ತ ಹೊರಟರೆ ಹೆಚ್ಚಾಗಿ ಸಿಗುವುದು ದಲಿತರ ಕೇರಿಗಳಲ್ಲೇ. ಭಕ್ತಿ ಇಡೀ ಊರಿನದು, ತೆತ್ತದ್ದು ಮಾತ್ರ ಒಂದು ಕೇರಿ. ನಂಬಿಕೆಯೊಂದೇ ಕಾರಣವಾಗಿದ್ದರೆ ಲೆಕ್ಕ ಹೀಗೆ ಬರುತ್ತಿತ್ತೇ?

ದೇವಿಯ ಕರೆ ಬರುವ ಬಗೆಯನ್ನೇ ನೋಡಿ. ಎಣ್ಣೆ ಕಾಣದೆ, ದಿನಗಟ್ಟಲೆ ಬಾಚದೆ ಬಿಟ್ಟ ಕೂದಲು ಗಂಟುಗಟ್ಟುತ್ತದೆ. ಕೂಲಿಗೆ ಹೋಗುವ ತಾಯಿಗೆ ಮಗಳ ತಲೆ ಬಾಚಲು ಹೊತ್ತೆಲ್ಲಿ? ಅಷ್ಟರಲ್ಲಿ ಯಾರೋ "ಜಡಿ ಬಂತು, ಎಲ್ಲಮ್ಮ ಕರದಾಳ" ಅನ್ನುತ್ತಾರೆ. ಅಲ್ಲಿಂದ ಮುಂದೆ ಆ ತಲೆಗೆ ಬಾಚಣಿಗೆ ಇಲ್ಲ, ಬರೀ ಭಂಡಾರ. ಕತ್ತರಿಸಿದರೆ ಮನೆಗೆ ಕೇಡು ಎಂಬ ಹೆದರಿಕೆ ಬೇರೆ. ಮುಂದೆ ಒಂದು ದಿನ ಹುಡುಗಿಯ ಕೊರಳಿಗೆ ಕೆಂಪು ಬಿಳಿ ಮಣಿಗಳ ಸರ ಬೀಳುತ್ತದೆ. ಇದನ್ನೇ ಮುತ್ತು ಕಟ್ಟುವುದು ಅನ್ನುತ್ತಾರೆ, ಹೀಗೆ ದೇವಿಗೆ ಬಿಟ್ಟವಳನ್ನು ದೇವದಾಸಿ. ಅವಳಿಗೆ ಇನ್ನು ಮದುವೆಯಿಲ್ಲ. ಮೈನೆರೆದ ಮೇಲೆ ಉಳ್ಳವನೊಬ್ಬ ಬಂದು ಅವಳನ್ನು 'ಇಟ್ಟುಕೊಳ್ಳುತ್ತಾನೆ', ಬೇಸರವಾದಾಗ ಬಿಡುತ್ತಾನೆ.

ಮನೆಯ ಲೆಕ್ಕವೂ ಇದರಲ್ಲಿ ಸೇರಿಕೊಂಡಿದೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುತ್ತು ಕಟ್ಟಿದ ಮಗಳು ಗಂಡನ ಮನೆಗೆ ಹೋಗುವುದಿಲ್ಲ. ಮಗನ ಹಾಗೆ ತವರಿನಲ್ಲೇ ಉಳಿದು, ದುಡಿದು ಮುದಿ ತಂದೆತಾಯಿಯನ್ನು ಸಾಕುತ್ತಾಳೆ. ವರದಕ್ಷಿಣೆಯ ಖರ್ಚೂ ಇಲ್ಲ.

ಹಾಗಾದರೆ ನಂಬಿಕೆ ನಿರಪರಾಧಿಯೇ? ನಾನು ಹಾಗೆನ್ನಲಾರೆ. ಬಡತನಕ್ಕೋ, ಜಾತಿಯ ದರ್ಪಕ್ಕೋ, ಗೌಡನ ಆಸೆಗೋ ಮಗಳನ್ನು ಕೊಡೆನೆಂದು ಒಬ್ಬ ತಾಯಿ ಬೀದಿಗಿಳಿದು ಜಗಳಾಡಬಹುದು. ದೇವಿಯೇ ಕೇಳಿದಳು ಅಂದಮೇಲೆ ಯಾರ ಮೇಲೆ ಜಗಳ? ಹುಡುಗಿಯನ್ನು ಆರಿಸಿದ್ದು ಜಾತಿ ಮತ್ತು ಹಸಿವು, ತಾಯಿಯ ಬಾಯಿ ಕಟ್ಟಿದ್ದು ನಂಬಿಕೆ. ಈ ಎರಡನೆಯದು ಸಣ್ಣ ತಪ್ಪೇನಲ್ಲ. ಭಯವನ್ನು ಭಕ್ತಿಯೆಂದು ಕರೆದವರು ಅದರ ಹೊಣೆಯಿಂದ ಸುಲಭವಾಗಿ ಜಾರಿಕೊಳ್ಳುವಂತಿಲ್ಲ.

ಈ ಕಟ್ಟನ್ನು ಬಿಚ್ಚಿದವರಲ್ಲಿ ಅದರ ನೋವು ಉಂಡವರೇ ಮುಂದಿದ್ದರು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರನ್ನು ಬಾಲ್ಯದಲ್ಲೇ ದೇವಿಗೆ ಬಿಟ್ಟಿದ್ದರು. ಮುಂದೆ ಅವರು ತಮ್ಮಂಥ ಹೆಂಗಸರನ್ನು ಸಂಘಟಿಸಿ, ಮನೆಮನೆಗೆ ಹೋಗಿ ಮುತ್ತು ಕಟ್ಟುವುದನ್ನು ತಡೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜಡಿ ತೆಗೆದರೆ ಕೇಡಾಗುತ್ತದೆ ಎಂದು ನಡುಗುವ ತಾಯಿಗೆ ನಗರದ ವಿಚಾರವಾದಿಯ ಉಪನ್ಯಾಸ ಎಷ್ಟು ನಾಟೀತು? ಕೊರಳಲ್ಲಿ ಮುತ್ತು ಹೊತ್ತವಳೇ ಎದುರು ಕೂತು ಹೇಳಿದರೆ ಮಾತಿನ ತೂಕವೇ ಬೇರೆ.

ಕಾನೂನೂ ಬಂತು, 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ. ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಜೈಲು, ಕಟ್ಟಿಸಿದವರು ಹೆತ್ತವರೋ ಪೋಷಕರೋ ಬಂಧುಗಳೋ ಆದರೆ ಐದು ವರ್ಷದವರೆಗೆ ಎಂದು ಅದು ಹೇಳಿತ್ತು. ಗುಡ್ಡದಲ್ಲಿ ಪೊಲೀಸರು ನಿಂತ ಮೇಲೆ ಶಾಸ್ತ್ರ ಮನೆಯೊಳಗೆ, ರಾತ್ರಿ ಹೊತ್ತಿಗೆ ಸರಿಯಿತು. 2007-08ರ ವೇಳೆಗೆ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ ಗುರುತಿಸಿದ್ದ ದೇವದಾಸಿಯರು 46,660. ಆ ಕಾಯ್ದೆಯ ಕಣ್ಣೆಲ್ಲ ಮುತ್ತು ಕಟ್ಟುವ ಶಾಸ್ತ್ರದ ಮೇಲಿತ್ತು. ಶಾಸ್ತ್ರ ಮುಗಿದು ವರ್ಷಗಳ ಮೇಲೆ ಬಾಗಿಲು ತಟ್ಟಿ ಬರುವ ಗಂಡಸಿಗೆ ಎಲ್ಲಮ್ಮನ ಮೇಲೆ ಭಕ್ತಿಯಿತ್ತೋ ಇಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ.