ಎಳೆಯರ ವಿಜ್ಞಾನ ಮತ್ತು ಮನೆಮಾತು

(ಪರೇಲಿನಲ್ಲಿ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಾನು ಶಿಕ್ಷಣ ತಜ್ಞನಲ್ಲ. ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳಿಂದ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳಿದವನು. ಆದರೂ ಎಳೆಯ ಮಕ್ಕಳ ವಿಜ್ಞಾನದ ಬಗ್ಗೆ ಮಾತನಾಡಲು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಆ ವಿಷಯದಲ್ಲಿ ತಂದೆಯಾಗಿ ನಾನು ಮಾಡಿದ ತಪ್ಪೊಂದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

1974ರಲ್ಲಿ ಇದೇ ಪರೇಲಿನ ಆಸುಪಾಸಿನ ಕನ್ನಡ ಶಾಲೆಯೊಂದರಲ್ಲಿ ನಾನು ಒಂದನೆಯ ಇಯತ್ತೆಗೆ ಸೇರಿದೆ. ತರಗತಿಯ ಕಿಟಕಿಯಿಂದ ಗಿರಣಿಯ ಚಿಮಣಿ ಕಾಣುತ್ತಿತ್ತು. ನಮ್ಮ ಮಾಸ್ತರರು ಪ್ರತಿದಿನ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೇಳುತ್ತಿದ್ದರು: “ಹೊಗೆ ಮೂಡಕ್ಕೆ ವಾಲಿದೆಯೋ, ಪಡುವಕ್ಕೆ ವಾಲಿದೆಯೋ?” ನಾವು ಪಾಟಿಯ ಮೇಲೆ ಬಾಣದ ಗುರುತು ಹಾಕಬೇಕು. ಚಳಿಗಾಲದ ಬೆಳಿಗ್ಗೆ ಹೊಗೆ ಕಡಲಿನ ಕಡೆ ವಾಲುತ್ತಿತ್ತು. ಮಧ್ಯಾಹ್ನ ಮೂಡಕ್ಕೆ ತಿರುಗುತ್ತಿತ್ತು. ನೆಲವು ಕಡಲಿಗಿಂತ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಆದ್ದರಿಂದ ಗಾಳಿ ದಿಕ್ಕು ಬದಲಿಸುತ್ತದೆ ಎಂಬ ಕಾರಣವನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಅನಂತರ. ಆದರೆ ಓದುವ ಹೊತ್ತಿಗೆ ಅದು ನಾನು ಕಂಡ ಸಂಗತಿಯಾಗಿತ್ತು. ಸೂರ್ಯ ಮೂಡುವ ಕಡೆ ಮೂಡು ಎಂಬುದನ್ನು ನನಗೆ ಯಾರೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಆ ಪಾಠ ಪದದೊಳಗೇ ಇತ್ತು.

1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಅನಂತರ ಒಂದೊಂದಾಗಿ ಚಿಮಣಿಗಳು ತಣ್ಣಗಾದವು. ಇಂದು ಅವುಗಳ ಜಾಗದಲ್ಲಿ ಗಾಜಿನ ಗೋಪುರಗಳಿವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನನ್ನ ಮಗಳನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸಿದೆ. ವರ್ಗಾವಣೆಯ ನೌಕರಿ ಎಂಬ ನೆಪವಿತ್ತು. ಆರು ವರ್ಷದವಳಾಗಿದ್ದಾಗ ‘ಇವ್ಯಾಪೊರೇಶನ್’ ಎಂಬ ಪದವನ್ನು ಅವಳು ಒಪ್ಪವಾಗಿ ಹೇಳಿದಳು, ನಾನು ಹಿಗ್ಗಿದೆ. ಅದೇ ಸಂಜೆ ನನ್ನ ತಾಯಿ ಅವಳಿಗೆ, “ಗ್ಯಾಲರಿಯಲ್ಲಿ ಬಟ್ಟೆ ಆರಿತೇ ನೋಡು ಮಗಾ” ಎಂದರು. ಸ್ವಲ್ಪ ಹೊತ್ತಿಗೆ, “ಹಾಲು ಆರಿದೆ, ಕುಡಿ” ಎಂದರು. ಮಗು ನನ್ನ ಬಳಿ ಬಂದು ಕೇಳಿತು: “ಅಪ್ಪಾ, ಬಟ್ಟೆಯೂ ಆರುತ್ತದೆ, ಹಾಲೂ ಆರುತ್ತದೆ. ಎರಡೂ ಒಂದೆಯಾ?”

ನಾನು ಕಡತದಿಂದ ತಲೆಯೆತ್ತದೆ ಹೇಳಿದೆ: “ಅದು ಅಜ್ಜಿಯ ಮಾತು, ಸೈನ್ಸ್ ಅಲ್ಲ. ಪುಸ್ತಕ ಓದು.”

ಬಂಧುಗಳೇ, ಅದು ವಿಜ್ಞಾನವೇ ಆಗಿತ್ತು. ಬಟ್ಟೆಯ ನೀರು ಆವಿಯಾಗುವಾಗ ಬಟ್ಟೆಯ ಶಾಖವನ್ನು ಒಯ್ಯುತ್ತದೆ. ಒದ್ದೆ ಬಟ್ಟೆ ತಣ್ಣಗಿರುವುದು ಆದ್ದರಿಂದಲೇ. ಬಿಸಿ ಹಾಲಿನ ಆವಿಯೂ ಶಾಖವನ್ನು ಒಯ್ಯುತ್ತದೆ. ಉಳಿದ ಶಾಖ ಲೋಟಕ್ಕೂ ಗಾಳಿಗೂ ಹೋಗುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವ ಗುಟ್ಟೂ ಇದೇ. ಹಾಗಾದರೆ ದೀಪ ‘ಆರುವುದು’? ಅದು ಬೇರೆ; ಅಲ್ಲಿ ನಿಲ್ಲುವುದು ಉರಿಯುವ ಕ್ರಿಯೆ. ಭಾಷೆ ಉತ್ತರ ಕೊಡುವುದಿಲ್ಲ, ನಿಜ. ಆದರೆ ಪ್ರಶ್ನೆಯನ್ನು ಮಗುವಿನ ಕೈಗೆ ಕೊಡುತ್ತದೆ. ಎಂ.ಎಸ್ಸಿ. ಪದವೀಧರನಾದ ನಾನು ಆ ಪ್ರಶ್ನೆಯನ್ನು ಕಸಿದುಕೊಂಡೆ. ಅವಳು ಮತ್ತೆ ಅಜ್ಜಿಯ ಮಾತನ್ನು ಹಿಡಿದು ನನ್ನ ಬಳಿ ಬರಲಿಲ್ಲ. ಇಂದು ನನ್ನ ಕನ್ನಡದ ಪತ್ರಗಳಿಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ.

ತಜ್ಞರೂ ಬೇರೆ ಮಾತು ಹೇಳಿಲ್ಲ. ಇದೇ ನಗರದ ನಾನಾ ಚೌಕದ ಪಾಲಿಕೆ ಶಾಲೆಯೊಂದರಲ್ಲಿ 1974ರಲ್ಲಿ ಕೆಲಸ ಆರಂಭಿಸಿ, ಈಗ ಮಾನ್‌ಖುರ್ದಿನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ‘ಸ್ಮಾಲ್ ಸೈನ್ಸ್’ ಎಂಬ ಪುಸ್ತಕಮಾಲೆಯನ್ನು ಹೊರತಂದಿತು. ಅದರಲ್ಲಿ ಮಕ್ಕಳ ಪಠ್ಯಪುಸ್ತಕ ಮೊದಲಾಗುವುದು ಮೂರನೆಯ ತರಗತಿಯಿಂದ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೊದಲ ಎರಡು ತರಗತಿಗಳಲ್ಲಿ ಪರಿಸರ ಅಧ್ಯಯನವನ್ನು ಭಾಷೆ ಮತ್ತು ಗಣಿತದೊಳಗೇ ಬೆರೆಸಿತು. ಎಂದರೆ ಆರು ವರ್ಷದ ಮಗುವಿನ ವಿಜ್ಞಾನವಿರುವುದು ಭಾಷೆಯಲ್ಲಿ. ಯಾವ ಭಾಷೆಯಲ್ಲಿ? ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಮಾಧ್ಯಮವಾಗಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಕನ್ನಡಕ್ಕೆ ಇದು ಹೊಸದಲ್ಲ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಕನ್ನಡದ ಮಕ್ಕಳ ಕೈಗಿತ್ತದ್ದು 1936ರಲ್ಲಿ.

ಮುಂಬಯಿ ಮಹಾನಗರಪಾಲಿಕೆಯ ಶಾಲಾ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಆದರೆ ನಮ್ಮಲ್ಲಿ ಎಷ್ಟು ಮಂದಿ ಮಕ್ಕಳನ್ನು ಅಲ್ಲಿಗೆ ಕಳುಹಿಸಿದ್ದೇವೆ? ನಾನು ಕಳುಹಿಸಲಿಲ್ಲ, ಆದ್ದರಿಂದ ನಿಮ್ಮನ್ನು ದೂರುವ ಅಧಿಕಾರ ನನಗಿಲ್ಲ. ಶಾಲೆ ಯಾವುದೇ ಇರಲಿ, ಮನೆಯ ಬಾಗಿಲು ನಮ್ಮ ಕೈಯಲ್ಲಿದೆ. ಮನೆಮಾತು ತುಳುವಾಗಿರಲಿ, ಕೊಂಕಣಿಯಾಗಿರಲಿ, ಈ ಮಾತು ಅವರಿಗೂ ಅನ್ವಯಿಸುತ್ತದೆ.

ಸಂಘಕ್ಕೆ ನನ್ನ ಬಿನ್ನಹ ಇಷ್ಟೆ: ತಿಂಗಳಿಗೊಂದು ಭಾನುವಾರ ಎರಡು ಗಂಟೆ, ಎಂಟು ವರ್ಷದೊಳಗಿನ ಮಕ್ಕಳಿಗಾಗಿ ಮೀಸಲಿಡಿ. ಪುಸ್ತಕ ಬೇಡ, ಪರೀಕ್ಷೆ ಬೇಡ, ಬಹುಮಾನವೂ ಬೇಡ. ಒಂದು ಮಡಕೆ, ಒಂದು ಒದ್ದೆ ಬಟ್ಟೆ, ಒಂದು ಉಷ್ಣಮಾಪಕ ಸಾಕು. ಅಜ್ಜಿಯಂದಿರು ಮಾತನಾಡಲಿ, ಮಕ್ಕಳು ಕೇಳಲಿ. ನಮ್ಮಂಥ ಪದವೀಧರರು ಪಕ್ಕದಲ್ಲಿ ಕುಳಿತು, ತಿಳಿದದ್ದನ್ನು ಕನ್ನಡದಲ್ಲಿ ಹೇಳಲಿ. ತಿಳಿಯದಿದ್ದರೆ “ಬಾ, ನೋಡೋಣ” ಎನ್ನಲಿ.

ಮೊದಲ ಭಾನುವಾರ ಮಡಕೆಯನ್ನು ನಾನೇ ಹೊತ್ತು ತರುತ್ತೇನೆ.