ಹಾಡು ಕಟ್ಟುವ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರು ಇದ್ದಾರೆ, ಮೇಷ್ಟ್ರಾದವರು ಇದ್ದಾರೆ, ಸೈನ್ಯದಲ್ಲಿದ್ದು ಬಂದವರು ಇದ್ದಾರೆ. ಅವರ ಕೆಲಸ ಏನು ಅಂತ ಊರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನದು ಹಾಗಲ್ಲ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ, "ಹಾಡೋದು ಸರಿಯಪ್ಪ, ಕೆಲಸ ಏನು ಮಾಡ್ಕೊಂಡಿದ್ದೀಯ?" ಅಂತ. ಆ ಪ್ರಶ್ನೆಗೆ ನಿಂತು ಉತ್ತರ ಹೇಳುವ ಅವಕಾಶ ಇವತ್ತು ಸಿಕ್ಕಿದೆ.

ರಾಕ್ ಬ್ಯಾಂಡ್ ಅಂದರೆ ನಾಲ್ಕೈದು ಜನರ ಒಂದು ತಂಡ. ಒಬ್ಬ ಹಾಡುವವನು, ಒಂದು ಅಥವಾ ಎರಡು ಗಿಟಾರು, ಕೆಳಗಿನ ದಪ್ಪ ಸ್ವರಕ್ಕೆ ಒಂದು ಬೇಸ್ ಗಿಟಾರು, ಹಿಂದೆ ಡ್ರಮ್ಸ್. ನಮ್ಮೂರಿನ ಭಜನಾ ಮಂಡಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಭಜನೆಯಲ್ಲಿ ಎಲ್ಲರೂ ಒಂದೇ ಸಾಲು ಹಾಡುತ್ತಾರೆ, ಬ್ಯಾಂಡಿನಲ್ಲಿ ಒಬ್ಬೊಬ್ಬನು ಒಂದೊಂದು ನುಡಿಸುತ್ತಾನೆ, ಅದೆಲ್ಲ ಸೇರಿ ಒಂದು ಹಾಡಾಗಬೇಕು. ಅದು ಸೇರುವವರೆಗೆ ನಡೆಯುವ ಜಗಳವೇ ನಮ್ಮ ಕೆಲಸದ ಮುಕ್ಕಾಲು ಪಾಲು.

ಹಾಡು ಹುಟ್ಟುವುದು ಹೇಗೆ? ಸಾಮಾನ್ಯವಾಗಿ ಮೊದಲು ರಾಗ ಬರುತ್ತದೆ, ಮಾತು ಆಮೇಲೆ. ಮಾತು ಸಿಗುವ ತನಕ ಬಾಯಿಗೆ ಬಂದದ್ದನ್ನು ಹಾಡುತ್ತಿರುತ್ತೇವೆ. ನಮ್ಮ ಸಿನಿಮಾದವರು ಇದನ್ನು ಡಮ್ಮಿ ಸಾಹಿತ್ಯ ಅನ್ನುತ್ತಾರೆ. ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1965ರಲ್ಲಿ 'ಯೆಸ್ಟರ್‌ಡೇ' ಎಂಬ ಹಾಡನ್ನು ಹೊರತಂದರು. ಅದರ ರಾಗ ಮೊದಲೇ ಹೊಳೆದಿತ್ತು. ಮಾತು ಸಿಗುವವರೆಗೆ ಅವರು ಆ ರಾಗಕ್ಕೆ ಮೊಟ್ಟೆ ತಿಂಡಿಯ ಹೆಸರು ಹಾಕಿಕೊಂಡು ಹಾಡುತ್ತಿದ್ದರಂತೆ. ಅಷ್ಟು ದೊಡ್ಡ ಹಾಡಿಗೂ ಮೊದಲ ಮೆಟ್ಟಿಲು ಅಂಥದ್ದೇ. ಆದ್ದರಿಂದ ಮಕ್ಕಳೇ, ಮೊದಲ ಸಾಲು ಚೆನ್ನಾಗಿಲ್ಲ ಅಂತ ಪುಸ್ತಕ ಮುಚ್ಚಬೇಡಿ.

ಕನ್ನಡದಲ್ಲಿ ಹಾಡು ಕಟ್ಟುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಭಾಷೆಯಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. 'ಬಳೆ' ಎಂಬ ಮಾತಿನ ಮೊದಲ ಅಕ್ಷರವನ್ನು ಒಂದು ಉದ್ದ ಸ್ವರದ ಮೇಲೆ ಎಳೆದರೆ ಕೇಳುವವರ ಕಿವಿಗೆ 'ಬಾಳೆ' ಬೀಳುತ್ತದೆ. 'ಮರ' ಎಳೆದರೆ 'ಮಾರ' ಆಗುತ್ತಾನೆ. ಪ್ರೀತಿಯ ಹಾಡಿನಲ್ಲಿ ಹುಡುಗಿಯ ಕೈಯಲ್ಲಿ ಬಾಳೆ ಕೊಟ್ಟು ಕೂರಿಸಿದರೆ ಜನ ನಗದೆ ಇರುತ್ತಾರೆಯೇ? ಇಂಗ್ಲಿಷಿನ ರಾಗಕ್ಕೆ ಕನ್ನಡ ತುರುಕಿದರೆ ಹೀಗೆ ಆಗುತ್ತದೆ. ಅದಕ್ಕೇ ನಾವು ಮೊದಲು ಸಾಲನ್ನು ಮಾತಿನಂತೆ ಹೇಳಿ ನೋಡುತ್ತೇವೆ. ಮಾತು ಎಲ್ಲಿ ತಾನಾಗಿ ಉದ್ದವಾಗುತ್ತದೋ ಅಲ್ಲಿ ಮಾತ್ರ ಸ್ವರವನ್ನು ಎಳೆಯುತ್ತೇವೆ.

ಇದನ್ನು ನಾನು ಯಾವ ಸಂಗೀತ ಶಾಲೆಯಲ್ಲೂ ಕಲಿಯಲಿಲ್ಲ. ಇಲ್ಲೇ ಕಲಿತೆ. ನಮ್ಮ ಕನ್ನಡ ಮೇಷ್ಟ್ರು ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಅಂತ ಬೋರ್ಡಿಗೆ ಕರೆಯುತ್ತಿದ್ದರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿ ಅಂದರೆ ಮೂರು, ನಾಲ್ಕು, ಮೂರು, ನಾಲ್ಕು. ಕುಮಾರವ್ಯಾಸ ತನ್ನ ಭಾರತವನ್ನು ಆ ನಡೆಯಲ್ಲೇ ನಡೆಸಿದ. ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ ಅಂತ ನಾವೆಲ್ಲ ಗೆರೆ ಎಳೆದು ಬರೆದೆವು. ಮುಂದೆ ಬೆಂಗಳೂರಿನಲ್ಲಿ ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಎಂಬ 1973ರ ಹಾಡನ್ನು ನುಡಿಸಲು ಕೂತಾಗ ಜೊತೆಯವರು ಎಣಿಕೆ ತಪ್ಪಿ ಒದ್ದಾಡುತ್ತಿದ್ದರು. ಹೆಚ್ಚಿನ ರಾಕ್ ಹಾಡುಗಳು ನಾಲ್ಕರ ಎಣಿಕೆಯವು, ಇದರ ಬಹುಭಾಗ ಏಳರದು. ನನಗೆ ಏಳು ಹೊಸದಾಗಿ ಕಾಣಲಿಲ್ಲ. ಮೂರು ಮತ್ತು ನಾಲ್ಕು ಅಂತ ಮನಸ್ಸಿನಲ್ಲೇ ಗಣ ಹಾಕಿಕೊಂಡು ನುಡಿಸಿದೆ. ಗಿಟಾರ್ ಒಂಟಿಯಾಗಿ ಮೆರೆಯುವ ಭಾಗಕ್ಕೆ ಬಂದಾಗ ಹಾಡು ನಾಲ್ಕಕ್ಕೆ ತಿರುಗುತ್ತದೆ, ಆಗ ಎಲ್ಲರೂ ಉಸಿರು ಬಿಟ್ಟರು. ಮೇಷ್ಟ್ರೇ, ನೀವು ಇಲ್ಲೇ ಕೂತಿದ್ದೀರಿ. ನಿಮ್ಮ ಭಾಮಿನಿ ಷಟ್ಪದಿ ಲಂಡನ್ನಿನ ಹಾಡಿಗೂ ಉಪಯೋಗಕ್ಕೆ ಬಂತು ಅಂತ ತಿಳಿಸುವುದಕ್ಕೇ ಇಷ್ಟು ವಿವರ ಹೇಳಿದೆ.

ಇನ್ನು ತಂಡದ ಬದುಕು. ಹೊರಗಿನಿಂದ ದೀಪ, ಹೊಗೆ, ಕೂಗು ಕಾಣುತ್ತದೆ. ಒಳಗೆ ವ್ಯಾನಿನ ಬಾಡಿಗೆ, ಅಭ್ಯಾಸದ ಕೋಣೆಯ ಬಾಡಿಗೆ, ಹರಿದ ತಂತಿ, ಸುಟ್ಟುಹೋದ ಆಂಪ್ಲಿಫೈಯರ್ ಇರುತ್ತವೆ. ಬಂದ ಸಂಭಾವನೆಯಲ್ಲಿ ಇವನ್ನು ಕಳೆದು ಉಳಿದದ್ದನ್ನು ಐದು ಭಾಗ ಮಾಡಬೇಕು. ವಾರದ ಐದು ದಿನ ನಾನು ಮಕ್ಕಳಿಗೆ ಗಿಟಾರು ಕಲಿಸುತ್ತೇನೆ, ಮನೆ ನಡೆಯುವುದು ಅದರಿಂದ ಮತ್ತು ನನ್ನ ಹೆಂಡತಿಯ ಸಂಬಳದಿಂದ. ಇದು ನಾಚಿಕೆಯ ವಿಷಯವಲ್ಲ, ಆದರೆ ಮುಚ್ಚಿಟ್ಟು ಹೇಳಿದರೆ ಈ ಮಕ್ಕಳಿಗೆ ಮೋಸ ಮಾಡಿದಂತೆ.

ನಮ್ಮ ತಂಡ ಒಮ್ಮೆ ಒಡೆಯುವ ಹಂತಕ್ಕೆ ಬಂದಿತ್ತು. ಹಣಕ್ಕಲ್ಲ, ಹೆಸರಿಗೆ. ಒಂದು ಹಾಡು ಜನರಿಗೆ ಹಿಡಿಸಿತು. ಮಾತು ನನ್ನದು, ರಾಗ ನಮ್ಮ ಗಾಯಕನದು. ಆದರೆ ಜನ ಕೈತಟ್ಟುತ್ತಿದ್ದದ್ದು ಡ್ರಮ್ಮರ್ ಹುಡುಗ ಶುರುವಿನಲ್ಲಿ ಹಾಕಿದ ಪೆಟ್ಟಿಗೆ. ಅವನ ತಂದೆಗೆ ಪಾರ್ಶ್ವವಾಯು ಬಡಿಯಿತು, ಊರಿಗೆ ಹೋಗಿ ಅಂಗಡಿ ನೋಡಿಕೊಳ್ಳಬೇಕಾಯಿತು. ಹೋಗುವ ಮುಂಚೆ ಅವನು ಕೇಳಿದ್ದು ಒಂದೇ: "ಅಣ್ಣಾ, ಆ ಹಾಡಿನಲ್ಲಿ ನಾನಿರ್ತೀನಾ?"

ಕಾನೂನು ನೋಡಿದರೆ ಹಾಡಿನಲ್ಲಿ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ಪೆಟ್ಟು ಹಾಕಿದವನ ಹೆಸರು ಬರೆಯಲೇಬೇಕೆಂಬ ರೂಢಿ ಇಲ್ಲ. ತಂಡದಲ್ಲಿ ಎರಡು ಪಕ್ಷವಾಯಿತು. ಬಿಟ್ಟು ಹೋಗುವವನಿಗೆ ಪಾಲೇಕೆ ಎಂದು ಬೇಸ್ ನುಡಿಸುವವನು ಕೇಳಿದ. ಅವನದೂ ತಪ್ಪಲ್ಲ, ಮುಂದೆ ಮಳೆಯಲ್ಲಿ ವ್ಯಾನು ತಳ್ಳುವವರು ನಾವೇ ತಾನೆ?

ದೊಡ್ಡ ತಂಡಗಳು ಏನು ಮಾಡಿದವು ನೋಡಿದೆವು. ಬೀಟಲ್ಸ್‌ನಲ್ಲಿ ಹೆಚ್ಚಿನ ಹಾಡುಗಳಿಗೆ ಲೆನನ್ ಮತ್ತು ಮೆಕಾರ್ಟ್ನಿ ಎಂಬ ಜೋಡಿ ಹೆಸರು. ಅದೇ ತಂಡದ ಜಾರ್ಜ್ ಹ್ಯಾರಿಸನ್‌ಗೆ ಒಂದು ಆಲ್ಬಮ್ಮಿನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಹಾಡಿನ ಜಾಗ ಸಿಗುತ್ತಿತ್ತು. 1970ರಲ್ಲಿ ತಂಡ ಮುರಿಯಿತು. ಅದೇ ವರ್ಷ ಹ್ಯಾರಿಸನ್ ಮೂರು ರೆಕಾರ್ಡುಗಳ ಒಂದು ಆಲ್ಬಮ್ ಹೊರತಂದರು. ಅಷ್ಟು ಹಾಡು ಅವರೊಳಗೆ ಕಾದು ಕೂತಿದ್ದವು. ಅಮೆರಿಕದ ಆರ್‌ಇಎಂ ತಂಡದವರು ಬೇರೆ ದಾರಿ ಹಿಡಿದರು. ತಾವು ಕಟ್ಟಿದ ಹಾಡುಗಳಿಗೆ ನಾಲ್ವರ ಹೆಸರನ್ನೂ ಸಮನಾಗಿ ಹಾಕಿದರು. 1997ರಲ್ಲಿ ಅವರ ಡ್ರಮ್ಮರ್ ಬಿಟ್ಟುಹೋದ ಮೇಲೂ ಉಳಿದ ಮೂವರು 2011ರವರೆಗೆ ಜೊತೆಗಿದ್ದರು.

ನಾವು ನಾಲ್ಕು ಸಂಜೆ ವಾದ ಮಾಡಿ ಒಂದು ತೀರ್ಮಾನಕ್ಕೆ ಬಂದೆವು: ಹಾಡು ಕಟ್ಟುವಾಗ ಕೋಣೆಯಲ್ಲಿ ಇದ್ದವರೆಲ್ಲರ ಹೆಸರು ಅದರಲ್ಲಿರುತ್ತದೆ, ಪಾಲೂ ಇರುತ್ತದೆ. ಅವನ ಪಾಲು ಈಗಲೂ ಅವನ ಖಾತೆಗೆ ಹೋಗುತ್ತದೆ. ಮೊತ್ತ ಹೇಳಿದರೆ ನೀವು ನಗುತ್ತೀರಿ, ಕೆಲವು ವರ್ಷ ಅದು ಒಂದು ಚೀಲ ಅಕ್ಕಿಯ ಬೆಲೆಯೂ ಆಗಲಿಲ್ಲ. ಆದರೂ ಅವನು ಅಂಗಡಿಯ ಗೋಡೆಗೆ ಆ ಆಲ್ಬಮ್ಮಿನ ಹೊದಿಕೆಯನ್ನು ಕಟ್ಟು ಹಾಕಿಸಿ ತೂಗುಹಾಕಿದ್ದಾನೆ. ಬೇಸ್ ನುಡಿಸುವವನೇ ಹೋಗಿ ಕೊಟ್ಟು ಬಂದದ್ದು.

ನಮ್ಮ ದಾಸರು ಕೊನೆಯಲ್ಲಿ ಅಂಕಿತ ಹಾಕುತ್ತಿದ್ದರು. ಪುರಂದರದಾಸರದು ಪುರಂದರ ವಿಠಲ, ಕನಕದಾಸರದು ಕಾಗಿನೆಲೆ ಆದಿಕೇಶವ. ತಮ್ಮ ಹೆಸರು ಬಿಟ್ಟು ತಾವು ನಂಬಿದ್ದರ ಹೆಸರು ಹಾಕಿದರು, ಹಾಡು ಯಾರದೆಂದು ಲೋಕಕ್ಕೆ ಗೊತ್ತೇ ಇದೆ. ನಮ್ಮದು ಅಷ್ಟು ದೊಡ್ಡದಲ್ಲ. ಆದರೂ ತಂಡದ ಹೆಸರೇ ನಮ್ಮ ಅಂಕಿತ ಅಂದುಕೊಂಡಿದ್ದೇವೆ.

ಮಹತ್ವಾಕಾಂಕ್ಷೆಯ ಬಗ್ಗೆ ಎರಡು ಮಾತು. ಕಾರ್ಯಕ್ರಮಕ್ಕೆ ಕರೆಯುವವರು ಸಾಮಾನ್ಯವಾಗಿ ಹೇಳುವುದು, "ಸಾರ್, ಸ್ವಂತದ್ದು ಬೇಡ, ಜನಕ್ಕೆ ಗೊತ್ತಿರೋದು ಹಾಡಿ" ಅಂತ. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ತಲುಪಿಸಿದರು, ರಘು ದೀಕ್ಷಿತ್ ಅವನ್ನು ಗಿಟಾರಿನ ಜೊತೆ ಹಾಡಿ ಹೊಸ ಪ್ರಾಯದವರಿಗೆ ಮುಟ್ಟಿಸಿದರು. ನಾವೂ ಹಾಡುತ್ತೇವೆ, ಹಾಡುವಾಗ ಮೈ ಜುಮ್ಮೆನ್ನುತ್ತದೆ. ಆದರೆ 1889ರಲ್ಲಿ ತೀರಿಕೊಂಡ ಶರೀಫರು ತಮ್ಮ ಕಾಲದ ಗಿರಣಿ, ಬಂಡಿ, ಬಿದಿರು ನೋಡಿ ಪದ ಕಟ್ಟಿದರು. ನಮ್ಮ ಕಾಲದ ಕೊಳವೆ ಬಾವಿ, ಖಾಲಿಯಾಗುವ ಊರು, ರಾತ್ರಿ ಬಸ್ಸು ನೋಡಿ ಯಾರಾದರೂ ಕಟ್ಟಬೇಕಲ್ಲ. ಅದಕ್ಕೆ ನಮ್ಮಲ್ಲೊಂದು ನಿಯಮವಿದೆ. ಗೊತ್ತಿರುವ ಮೂರು ಹಾಡಾದ ಮೇಲೆ ನಮ್ಮದೊಂದು. ಆ ಒಂದಕ್ಕೆ ಕೆಲವರು ಫೋನು ನೋಡುತ್ತಾರೆ, ಕೆಲವರು ನೀರು ಕುಡಿಯಲು ಏಳುತ್ತಾರೆ. ಕೂತು ಕೇಳುವವರು ನೂರಕ್ಕೆ ಹತ್ತು ಜನ ಇದ್ದರೂ ಸಾಕು, ಮುಂದಿನದನ್ನು ಬರೆಯಲು ಮನೆಗೆ ಹೋಗುತ್ತೇವೆ.

ಬೀಟಲ್ಸ್‌ನವರು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡು ಮುದ್ರಿಸಿದರು. ಅದನ್ನು ಕೇಳಿ ಪವಾಡ ಅನ್ನಬಾರದು. ಅದಕ್ಕೂ ಮುಂಚೆ ಜರ್ಮನಿಯ ಹ್ಯಾಂಬರ್ಗ್ ಊರಿನ ಸಣ್ಣ ಕ್ಲಬ್ಬುಗಳಲ್ಲಿ ಒಂದೊಂದು ರಾತ್ರಿ ಗಂಟೆಗಟ್ಟಲೆ ನುಡಿಸಿ ಕೈ ಹದ ಮಾಡಿಕೊಂಡಿದ್ದರು. ಆ ರಾತ್ರಿಗಳನ್ನು ಎಣಿಸದೆ ಆ ದಿನವನ್ನು ಮಾತ್ರ ಬಯಸುವವರಿಗೆ ಈ ಕೆಲಸ ಆಗಿಬರುವುದಿಲ್ಲ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಹಾಡುವ ಮಗುವನ್ನು ಓದು ಬಿಡಿಸಿ ನನ್ನ ಹಿಂದೆ ಕಳಿಸಿ ಅಂತ ನಾನು ಹೇಳುವುದಿಲ್ಲ. ಓದಿನ ಜೊತೆ ದಿನಕ್ಕೆ ಅರ್ಧ ಗಂಟೆ ಹಾಡಲು ಬಿಡಿ, ಸದ್ದು ಮಾಡಬೇಡ ಅನ್ನಬೇಡಿ. ಮಕ್ಕಳೇ, ನಾಳೆ ನಿಮ್ಮ ಹಾಡಿಗೆ ಯಾರಾದರೂ ಕಾಗದ ತಂದು ಸಹಿ ಕೇಳಿದರೆ ಪೂರ್ತಿ ಓದಿ, ತಿಳಿದವರಿಗೆ ತೋರಿಸಿ, ಆಮೇಲೆ ಸಹಿ ಹಾಕಿ.

ನಮ್ಮ ತಂಡದ ಪರವಾಗಿ ಶಾಲೆಗೆ ಎರಡು ಗಿಟಾರು, ಒಂದು ಹಾರ್ಮೋನಿಯಂ ತಂದಿದ್ದೇನೆ. ಮುಖ್ಯೋಪಾಧ್ಯಾಯರಲ್ಲಿ ಕೈಮುಗಿದು ಕೇಳುತ್ತೇನೆ, ಇವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳ ಕೈಗೆ ಕೊಡಿ, ತಂತಿ ಹರಿದರೆ ಹರಿಯಲಿ. ಹೊಸ ತಂತಿ ಕಳಿಸುವ ಜವಾಬ್ದಾರಿ ನನ್ನದು.